ಲೈಪ್‌ಜಿಗ್‌ನ ವಿದ್ಯಾರ್ಥಿ ಮೇಳ

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಹೆಸರಾಗಿದ್ದ ‘ಕೊಲೀಜಿಯಂ ಮ್ಯೂಸಿಕಂ’ ವಿಶ್ವವಿದ್ಯಾಲಯದ ಹುಡುಗರು ಕಟ್ಟಿಕೊಂಡ ಸಂಗೀತ ಮೇಳ. 1701ರಲ್ಲಿ ಕಾನೂನು ಓದಲು ಬಂದ ಗಿಯೋರ್ಗ್ ಫಿಲಿಪ್ ಟೆಲೆಮಾನ್ ಸ್ವಲ್ಪ ಕಾಲದಲ್ಲೇ ಜೊತೆಯ ವಿದ್ಯಾರ್ಥಿಗಳನ್ನು ಕೂಡಿಸಿ ಇದನ್ನು ಆರಂಭಿಸಿದರು. ಒಮ್ಮೊಮ್ಮೆ ನಲವತ್ತು ಮಂದಿಯವರೆಗೂ ಸೇರುತ್ತಿದ್ದರೆಂದು ಅವರೇ ಬರೆದಿದ್ದಾರೆ. 1705ರಲ್ಲಿ ಅವರು ಊರು ಬಿಟ್ಟರು. ಮೇಳ ಮಾತ್ರ ನಿಲ್ಲಲಿಲ್ಲ. ಓದು ಮುಗಿಸಿದವರು ಹೋದಂತೆ ಹೊಸಬರು ಬಂದು ಸೇರಿಕೊಂಡರು.

1729ರ ವಸಂತದಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಇದರ ನಿರ್ದೇಶಕರಾದರು. ಆಗ ಮೇಳ ನುಡಿಸುತ್ತಿದ್ದುದು ಕ್ಯಾಥರಿನೆನ್ ಬೀದಿಯಲ್ಲಿದ್ದ ಗಾಟ್‌ಫ್ರೀಡ್ ಜಿಮ್ಮರ್‌ಮನ್ನರ ಕಾಫಿ ಮನೆಯಲ್ಲಿ. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ ಎಂಟರಿಂದ ಹತ್ತು. ಬೇಸಿಗೆಯಲ್ಲಿ ಬುಧವಾರ ಸಂಜೆ ನಾಲ್ಕರಿಂದ ಆರು, ಊರ ಹೆಬ್ಬಾಗಿಲಿನಾಚೆ ಜಿಮ್ಮರ್‌ಮನ್ನರದೇ ತೋಟದಲ್ಲಿ. ವ್ಯಾಪಾರದ ಜಾತ್ರೆ ನಡೆಯುವಾಗ ವಾರಕ್ಕೆ ಎರಡು ಕಚೇರಿ. 1733ರ ಜೂನ್‌ನಲ್ಲಿ ಇಲ್ಲಿಗೆ ಹೊಸ ಹಾರ್ಪ್ಸಿಕಾರ್ಡ್ ಬಂತು. ಅಂಥದ್ದನ್ನು ಊರು ಇದುವರೆಗೆ ಕೇಳಿಯೇ ಇಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಲಾಯಿತು.

ಬಾಖ್ ಎಂಬ ಒಂದೇ ಹೆಸರಿನ ಹಿಂದೆ ಈ ಹುಡುಗರ ದುಡಿಮೆ ಮರೆಯಾಗಿರುವುದು ಅನ್ಯಾಯವೇ ಸರಿ. ಆ ಕಾಲದಲ್ಲಿ ಎಲ್ಲರ ಮುಂದೆ ನಿಂತು ಕೋಲಾಡಿಸುವ ಇಂದಿನ ಬಗೆಯ ಕಂಡಕ್ಟರ್ ಇರಲಿಲ್ಲ. ಮುಖ್ಯ ಪಿಟೀಲಿನವರೋ ಹಾರ್ಪ್ಸಿಕಾರ್ಡಿನ ಮುಂದೆ ಕುಳಿತವರೋ ತಾವೂ ನುಡಿಸುತ್ತಲೇ ಮೇಳವನ್ನು ನಡೆಸುತ್ತಿದ್ದರು. ವಾದಕರ ಕೈಗೆ ಸಿಗುತ್ತಿದ್ದುದು ತಂತಮ್ಮ ಭಾಗದ ಹಾಳೆ ಮಾತ್ರ. ಇಡೀ ಕೃತಿ ಯಾರ ಕಣ್ಣ ಮುಂದೆಯೂ ಇಲ್ಲದಿರುವಾಗ ಪಕ್ಕದವರನ್ನು ಕಿವಿಗೊಟ್ಟು ಕೇಳದೆ ಗತ್ಯಂತರವಿರಲಿಲ್ಲ. ಹಾರ್ಪ್ಸಿಕಾರ್ಡಿನವರಿಗೆ ಕೆಳಸ್ಥಾಯಿಯ ಒಂದು ಸಾಲು, ಅದರ ಜೊತೆ ಒಂದಿಷ್ಟು ಅಂಕಿಗಳು. ಯಾವ ಸ್ವರಗಳು ಕೂಡಬೇಕೆಂಬುದನ್ನು ಅಂಕಿಗಳು ಹೇಳುತ್ತಿದ್ದವು. ಎಷ್ಟು ತುಂಬಬೇಕು, ಎಲ್ಲಿ ಬಿಡಬೇಕು ಎಂಬುದು ನುಡಿಸುವವರ ಮನೋಧರ್ಮ. ಪಿಟೀಲು ಸಣ್ಣಗಾದರೆ ಅವರ ಕೈಯೂ ಹಗುರಾಗಬೇಕಿತ್ತು. ಸಹಕಾರ ಈ ಬರವಣಿಗೆಯ ಕ್ರಮದಲ್ಲೇ ಅಡಕವಾಗಿತ್ತು.

ಊರಿನ ವೃತ್ತಿಪರ ವಾದಕರೂ ವಿದ್ಯಾರ್ಥಿಗಳ ಜೊತೆಗೂಡುತ್ತಿದ್ದರು. 1734ರ ಅಕ್ಟೋಬರ್ 5ರ ರಾತ್ರಿ ರಾಜ ದಂಪತಿಯ ಮುಂದೆ, ಮಾರುಕಟ್ಟೆ ಚೌಕದಲ್ಲಿ, ಬಾಖ್ ಅವರ ಕೃತಿಯೊಂದನ್ನು ಪ್ರಸ್ತುತಪಡಿಸಲಾಯಿತು. ಸುಮಾರು ಆರುನೂರು ವಿದ್ಯಾರ್ಥಿಗಳು ಪಂಜು ಹಿಡಿದು ಮೆರವಣಿಗೆಯಲ್ಲಿ ಬಂದಿದ್ದರು. ಮರುದಿನ ಹಿರಿಯ ತುತ್ತೂರಿ ವಾದಕ ಗಾಟ್‌ಫ್ರೀಡ್ ರೈಖೆ ಮನೆಗೆ ಹೋಗುವ ದಾರಿಯಲ್ಲಿ ಕುಸಿದುಬಿದ್ದು ತೀರಿಕೊಂಡರು. ಹಿಂದಿನ ರಾತ್ರಿ ಊದಿದ ಆಯಾಸ, ಪಂಜುಗಳ ಹೊಗೆ ಇವೇ ಸಾವಿಗೆ ಕಾರಣವೆಂದು ಅಂದಿನ ದಾಖಲೆ ಹೇಳುತ್ತದೆ.

1741ರಲ್ಲಿ ಜಿಮ್ಮರ್‌ಮನ್ ತೀರಿಕೊಂಡರು. ಬಾಖ್ ಕೂಡ ಆ ಹೊತ್ತಿಗೆ ಮೇಳದಿಂದ ಹಿಂದೆ ಸರಿದರು. 1743ರಲ್ಲಿ ವರ್ತಕರ ನೆರವಿನಿಂದ ‘ಮಹಾ ಕಚೇರಿ’ ಎಂಬ ಹೊಸ ಸಂಸ್ಥೆ ಹುಟ್ಟಿತು. 1781ರಲ್ಲಿ ಅದು ಬಟ್ಟೆ ವ್ಯಾಪಾರಿಗಳ ಭವನಕ್ಕೆ ಸ್ಥಳಾಂತರಗೊಂಡು ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಎಂದು ಪ್ರಸಿದ್ಧವಾಯಿತು. ಕಾಫಿ ಮನೆಯ ಕಟ್ಟಡ 1943ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ನಾಶವಾಯಿತು.

ಕಂಡಕ್ಟರ್ ಇಲ್ಲದೆ ನುಡಿಸುವ ಪದ್ಧತಿಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಯುವ ಬರೋಕ್ ಮೇಳಗಳು ಮತ್ತೆ ಜೀವ ಕೊಟ್ಟವು. 1987ರಲ್ಲಿ ಆರಂಭವಾದ ಫ್ರೈಬುರ್ಗ್ ಬರೋಕ್ ಆರ್ಕೆಸ್ಟ್ರಾವನ್ನು ಕಟ್ಟಿದವರೂ ಸಂಗೀತದ ವಿದ್ಯಾರ್ಥಿಗಳೇ. 1999ರಲ್ಲಿ ಪಿಟೀಲಿನ ಪಾಬ್ಲೊ ವಾಲೆಟ್ಟಿ ಮತ್ತು ಹಾರ್ಪ್ಸಿಕಾರ್ಡಿನ ಸೆಲಿನ್ ಫ್ರಿಶ್ ಫ್ರಾನ್ಸಿನಲ್ಲಿ ಸ್ಥಾಪಿಸಿದ ಮೇಳದ ಹೆಸರು ‘ಕಫೆ ಜಿಮ್ಮರ್‌ಮನ್’. ಬಾಖ್ ಅವರ ಕಂಚೆರ್ಟೊಗಳನ್ನು ಅದು ಹಲವು ಸಂಪುಟಗಳಲ್ಲಿ ಧ್ವನಿಮುದ್ರಿಸಿದೆ.