ಮರದ ರಾಳ ತೋರಿಸಿಕೊಟ್ಟ ಗುಪ್ತ ರಕ್ತ

ದೊಡ್ಡ ಕರುಳಿನ ಕ್ಯಾನ್ಸರ್ ಸದ್ದಿಲ್ಲದೆ ಬೆಳೆಯುವ ರೋಗ. ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗಂಟು ಕ್ಯಾನ್ಸರ್ ಆಗಿ ಮಾರ್ಪಡಲು ಸಾಮಾನ್ಯವಾಗಿ ಹಲವು ವರ್ಷಗಳೇ ಹಿಡಿಯುತ್ತವೆ. ಬಹುಮಂದಿಗೆ ಆ ಕಾಲದಲ್ಲಿ ನೋವಿಲ್ಲ, ಜ್ವರವಿಲ್ಲ. ಆದರೆ ಅಂಥ ಗಂಟಿನಿಂದ ಆಗಾಗ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿ ಮಲದಲ್ಲಿ ಬೆರೆಯುವುದುಂಟು. ಈ ಗುಪ್ತ ರಕ್ತವನ್ನು ಮನೆಯಲ್ಲೇ ಮಾದರಿ ತೆಗೆದು ಪತ್ತೆ ಹಚ್ಚುವ ಕ್ರಮದ ಇತಿಹಾಸ ಆರಂಭವಾಗುವುದು ಒಂದು ಮರದಿಂದ.

ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬೆಳೆಯುವ ಗ್ವಾಯಕಮ್ ಮರವನ್ನು 16ನೇ ಶತಮಾನದ ಯೂರೋಪಿಯನ್ನರು ಸಿಫಿಲಿಸ್ ರೋಗಕ್ಕೆ ಮದ್ದೆಂದು ನಂಬಿ ತರಿಸಿಕೊಂಡರು. ಆ ನಂಬಿಕೆ ಉಳಿಯಲಿಲ್ಲ. ಆದರೆ ಅದರ ರಾಳಕ್ಕೆ ಬೇರೊಂದು ಗುಣವಿತ್ತು. ರಕ್ತದ ಕೆಂಪು ಅಂಶವಿರುವ ಕಡೆ ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ರಾಳ ನೀಲಿ ಬಣ್ಣಕ್ಕೆ ತಿರುಗುತ್ತದೆ. 1860ರ ದಶಕದಲ್ಲಿ ಡಚ್ ವಿಜ್ಞಾನಿ ಇಜಾಕ್ ಫಾನ್ ಡೇನ್ ರಕ್ತದ ಪತ್ತೆಗೆ ಈ ರಾಳವನ್ನು ಬಳಸಿದರು. 1901ರಲ್ಲಿ ಬರ್ಲಿನ್ನಿನ ವೈದ್ಯ ಇಸ್ಮಾರ್ ಬೋಆಸ್, ಮಲದಲ್ಲಿ ಅಡಗಿರುವ ರಕ್ತ ಜೀರ್ಣಾಂಗಗಳ ಕ್ಯಾನ್ಸರಿನ ಸುಳಿವಾಗಬಲ್ಲದೆಂದು ತೋರಿಸಿದರು.

ಆದರೂ ಬಹುಕಾಲ ಇದು ರೋಗಿಗಳಿಗಷ್ಟೇ ಮಾಡುವ ಪ್ರಯೋಗಾಲಯದ ಪರೀಕ್ಷೆಯಾಗಿಯೇ ಉಳಿಯಿತು. ಅದನ್ನು ಆರೋಗ್ಯವಂತರ ಮನೆಗೆ ಮುಟ್ಟಿಸಿದವರು ಅಮೆರಿಕದ ಓಹಿಯೋ ರಾಜ್ಯದ ವೈದ್ಯ ಡೇವಿಡ್ ಗ್ರೀಗರ್. ಗ್ವಾಯಕಮ್ ಸವರಿದ ಕಾಗದದ ಪಟ್ಟಿಗಳನ್ನು ಅವರು ಜನರ ಕೈಗೆ ಕೊಟ್ಟರು. ಮಾಂಸ ಬಿಟ್ಟು, ಮೂರು ದಿನ ಮನೆಯಲ್ಲೇ ಮಲದ ಮಾದರಿಯನ್ನು ಪಟ್ಟಿಗೆ ಹಚ್ಚಿ ಹಿಂದಿರುಗಿಸಿದರೆ ಸಾಕು. 1967ರಲ್ಲಿ ಅವರು ತಮ್ಮ ಅನುಭವವನ್ನು ಪ್ರಕಟಿಸಿದರು. ಯಾವ ತೊಂದರೆಯೂ ಕಾಣದಿದ್ದವರಲ್ಲಿಯೂ ಕ್ಯಾನ್ಸರ್ ಸಿಕ್ಕಿತ್ತು.

ಇದರಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಕಾಲು ಶತಮಾನ ಬೇಕಾಯಿತು. ಮಿನ್ನೆಸೋಟಾದಲ್ಲಿ 50ರಿಂದ 80 ವರ್ಷದ 46,551 ಜನರನ್ನು ಸೇರಿಸಿಕೊಂಡ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಿತ್ತು. ಪ್ರತಿವರ್ಷ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 33ರಷ್ಟು ಇಳಿದಿತ್ತು. ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಇಂಗ್ಲೆಂಡ್ ಮತ್ತು ಡೆನ್ಮಾರ್ಕಿನ ಅಧ್ಯಯನಗಳು 1996ರಲ್ಲಿ ಕ್ರಮವಾಗಿ ಶೇ. 15 ಮತ್ತು 18ರಷ್ಟು ಇಳಿಕೆಯನ್ನು ವರದಿ ಮಾಡಿದವು. ಇಂಗ್ಲೆಂಡಿನಲ್ಲಿ 2006ರಿಂದ ಪರೀಕ್ಷೆಯ ಪೊಟ್ಟಣವನ್ನು ಸರ್ಕಾರಿ ಆರೋಗ್ಯ ಸೇವೆಯೇ ಅಂಚೆಯಲ್ಲಿ ಮನೆಗೆ ಕಳಿಸತೊಡಗಿತು.

ಗ್ವಾಯಕಮ್ ಪರೀಕ್ಷೆಗೆ ದೋಷಗಳೂ ಇದ್ದವು. ತಿಂದ ಕೆಂಪು ಮಾಂಸದಲ್ಲಿನ ರಕ್ತಕ್ಕೂ ಅದು ನೀಲಿಯಾಗುತ್ತಿತ್ತು. ವಿಟಮಿನ್ ಸಿ ಹೆಚ್ಚಾದರೆ ಇದ್ದ ರಕ್ತವೂ ಮರೆಯಾಗುತ್ತಿತ್ತು. ಮನುಷ್ಯರ ರಕ್ತವನ್ನಷ್ಟೇ ಗುರುತಿಸುವ ಪ್ರತಿಕಾಯಗಳನ್ನು ಬಳಸುವ ಹೊಸ ಪರೀಕ್ಷೆಗೆ ಈ ತೊಡಕಿಲ್ಲ, ಪಥ್ಯವೂ ಬೇಕಿಲ್ಲ. ಜಪಾನ್ ಇದನ್ನು 1992ರಲ್ಲೇ ರಾಷ್ಟ್ರಮಟ್ಟದಲ್ಲಿ ಜಾರಿಗೆ ತಂದಿತು. ಇಂಗ್ಲೆಂಡ್ 2019ರಲ್ಲಿ ಹಳೆಯ ಪಟ್ಟಿಯನ್ನು ಕೈಬಿಟ್ಟು ಇದಕ್ಕೆ ಬದಲಾಯಿತು.

ರಕ್ತ ಕಂಡೊಡನೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಮೂಲವ್ಯಾಧಿಯಿಂದಲೂ ರಕ್ತ ಬರಬಹುದು. ಕಾರಣ ತಿಳಿಯಲು ಕೊಲೊನೋಸ್ಕೋಪಿ ಆಗಬೇಕು. ಗಂಟು ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೆಯಬಹುದು. ಹಾಗೆಂದು ಕಣ್ಣಿಗೆ ಕಾಣುವ ರಕ್ತವನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಿರುವುದು ಅಪಾಯಕರ. ಅಂಥವರು ಮನೆಯ ಪರೀಕ್ಷೆಗೆ ಕಾಯದೆ ವೈದ್ಯರ ಬಳಿಗೇ ಹೋಗಬೇಕು. ಪರೀಕ್ಷೆ ಎಷ್ಟೇ ಸುಲಭವಾದರೂ ಮಲದ ಮಾತೆತ್ತಲು ನಾಚುವ ಅಭ್ಯಾಸ ಇನ್ನೂ ಹೋಗಿಲ್ಲ. ಮನೆಗೆ ಬಂದ ಪೊಟ್ಟಣವನ್ನು ಬಿಚ್ಚದೆ ಇಡುವವರು ಇಂಗ್ಲೆಂಡಿನಲ್ಲೂ ಇದ್ದಾರೆ.