ಬಳಸಿದ ಎಸ್‌ಯುವಿ ಕೊಳ್ಳುವಾಗ ಪರೀಕ್ಷಿಸಬೇಕಾದ ದೋಷಗಳು

ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಎರಡನೆಯ ಮಗು ಹುಟ್ಟಿದಾಗಲೋ, ಊರಿನಿಂದ ತಂದೆತಾಯಿ ಆರು ತಿಂಗಳಿಗೆಂದು ಬಂದಾಗಲೋ ದೊಡ್ಡ ವಾಹನದ ಮಾತು ಏಳುತ್ತದೆ. ಮೂರು ಸಾಲು ಆಸನಗಳ ಹೊಸ ಎಸ್‌ಯುವಿಯ ಬೆಲೆ ಕೇಳಿದ ಮೇಲೆ ಬಹುಮಂದಿ ಬಳಸಿದ ವಾಹನದತ್ತ ತಿರುಗುತ್ತಾರೆ. ಈ ಲೇಖಕ ವೃತ್ತಿಯಿಂದ ವೈದ್ಯ, ಮೆಕ್ಯಾನಿಕ್ ಅಲ್ಲ. ಆದರೆ ಮೂರು ಬಳಸಿದ ವಾಹನಗಳನ್ನು ಕೊಂಡು, ಒಂದರಲ್ಲಿ ಮೋಸಹೋಗಿ ಕಲಿತದ್ದರಲ್ಲಿ ಬಹುಪಾಲು ರೋಗಿಯನ್ನು ಪರೀಕ್ಷಿಸುವ ಕ್ರಮಕ್ಕೇ ಹತ್ತಿರವಾಗಿದೆ.

ಮೊದಲ ನಿಯಮ, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ಮುಂಚೆಯೇ ಎಂಜಿನ್ ಓಡಿಸಿಟ್ಟಿದ್ದರೆ ಬೆಳಗಿನ ಮೊದಲ ಸದ್ದು, ಹೊಗೆ, ನಡುಕ ಎಲ್ಲವೂ ಮರೆಯಾಗಿರುತ್ತವೆ. ಬಾನೆಟ್ಟನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ. ಚಾಲೂ ಮಾಡಿದಾಗ ಕಾಣುವ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಲಕ್ಷಣ. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ಎಂಜಿನ್ನಿನೊಳಗೆ ಸೋರುತ್ತಿರಬಹುದು.

ಎರಡನೆಯದು ಚೆಕ್ ಎಂಜಿನ್ ದೀಪ. ಅದು ಉರಿಯುತ್ತಿಲ್ಲವೆಂಬುದಷ್ಟೇ ಆರೋಗ್ಯದ ಪ್ರಮಾಣಪತ್ರವಲ್ಲ. 1996ರಿಂದ ಇಲ್ಲಿ ಮಾರಾಟವಾದ ಕಾರುಗಳಲ್ಲಿ ಓಬಿಡಿ-2 ಎಂಬ ಸಂಪರ್ಕಕೊಂಡಿ ಇರುತ್ತದೆ. ಸಣ್ಣದೊಂದು ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ದೋಷಸಂಕೇತಗಳನ್ನು ಓದಬಹುದು. ಅದೇ ಸ್ಕ್ಯಾನರಿನಿಂದ ಮಾರುವವರು ಅವುಗಳನ್ನು ಅಳಿಸಲೂಬಹುದು. ಹಾಗೆ ಅಳಿಸಿದಾಗ ವಾಹನದ ಸ್ವಯಂಪರೀಕ್ಷೆಗಳ ದಾಖಲೆಯೂ ಅಳಿಸಿ, 'ಪರೀಕ್ಷೆ ಪೂರ್ಣಗೊಂಡಿಲ್ಲ' ಎಂದು ತೋರುತ್ತದೆ. ಜ್ವರದ ಮಾತ್ರೆ ನುಂಗಿಸಿ ಮಗುವನ್ನು ಕರೆತಂದು 'ಜ್ವರವೇ ಇಲ್ಲ ಡಾಕ್ಟ್ರೇ' ಎನ್ನುವವರನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು. ಪೂರ್ಣಗೊಳ್ಳದ ಪರೀಕ್ಷೆಗಳು ಹಲವಿದ್ದರೆ ಕಾರಣ ಕೇಳಿ. ಬ್ಯಾಟರಿ ಬದಲಿಸಿದಾಗಲೂ ಹೀಗಾಗುತ್ತದೆ ಎಂಬುದು ನಿಜ. ಹಾಗಿದ್ದರೆ ಹೊಸ ಬ್ಯಾಟರಿಯನ್ನು ತೋರಿಸಲಿ.

ಮಾದರಿಗೊಂದು ರೋಗ ಎಂಬುದು ವಾಹನಗಳಿಗೂ ಸಲ್ಲುತ್ತದೆ. ಹೋಂಡಾ ಪೈಲಟ್‌ನ 3.5 ಲೀಟರ್ ವಿ6 ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಸುಮಾರು ಒಂದು ಲಕ್ಷ ಮೈಲಿಗೆ ಅದನ್ನು ಬದಲಿಸಬೇಕು. ಓಡುತ್ತಿರುವಾಗ ತುಂಡಾದರೆ ಎಂಜಿನ್ನಿನ ವಾಲ್ವುಗಳೇ ಮುರಿಯಬಹುದು. ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಎಣಿಸಿ, ಆ ವೆಚ್ಚವನ್ನು ಬೆಲೆಯಿಂದ ಕಳೆಯಿರಿ. 2008ರ ನಂತರದ ಟೊಯೋಟಾ ಹೈಲ್ಯಾಂಡರ್‌ನ ವಿ6ರಲ್ಲಿ ಬೆಲ್ಟ್ ಬದಲು ಚೈನು ಇರುವುದರಿಂದ ಈ ಚಿಂತೆಯಿಲ್ಲ. ಆದರೆ ಅದರ ನೀರಿನ ಪಂಪಿನ ಸುತ್ತ ಒಣಗಿದ ಗುಲಾಬಿ ಬಣ್ಣದ ಕಲೆ ಇದೆಯೇ ಎಂದು ನೋಡಬೇಕು. 2011ರಿಂದ 2019ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್‌ನ 3.5 ಲೀಟರ್ ವಿ6ರಲ್ಲಿ ಈ ಪಂಪು ಎಂಜಿನ್ನಿನ ಒಳಗೇ ಇದ್ದು, ಸೋರಿದರೆ ಕೂಲೆಂಟ್ ಎಣ್ಣೆಗೆ ಬೆರೆತು ಎಂಜಿನ್ನನ್ನೇ ಕೆಡಿಸಬಲ್ಲದು. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅಲ್ಲಿಂದ ಹೊರಡುವುದು ಲೇಸು. 2017 ಮತ್ತು 2018ರ ಹೋಂಡಾ ಸಿಆರ್‌-ವಿಯ 1.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ, ಚಳಿಪ್ರದೇಶದ ಸಣ್ಣ ಓಡಾಟಗಳಲ್ಲಿ ಪೆಟ್ರೋಲ್ ಎಣ್ಣೆಗೆ ಬೆರೆಯುವ ದೂರುಗಳಿದ್ದವು. ಅಲ್ಲಿ ಕಡ್ಡಿಯ ಮೇಲೆ ಎಣ್ಣೆ ಗುರುತಿಗಿಂತ ಹೆಚ್ಚಿರುತ್ತದೆ, ಪೆಟ್ರೋಲಿನ ವಾಸನೆಯೂ ಬರುತ್ತದೆ.

2013ರಿಂದ ಹಲವು ವರ್ಷ ನಿಸ್ಸಾನ್ ಪಾತ್‌ಫೈಂಡರ್‌ನಲ್ಲಿ ಸಿವಿಟಿ ಗೇರ್‌ಬಾಕ್ಸ್ ಇತ್ತು. ರೋಗ್ ಮಾದರಿಯಲ್ಲೂ ಅದೇ ಬಗೆಯದು. ನಿಧಾನವಾಗಿ ವೇಗ ಹೆಚ್ಚಿಸುವಾಗ ವಾಹನ ಅದುರಿದರೆ, ಏರಿನಲ್ಲಿ ಎಂಜಿನ್ ಗರ್ಜಿಸಿಯೂ ವೇಗ ಏರದಿದ್ದರೆ ದುರಸ್ತಿಯ ವೆಚ್ಚ ಸಾವಿರಗಳಲ್ಲಿರುತ್ತದೆ. ಆದ್ದರಿಂದ ಪರೀಕ್ಷಾ ಓಟ ಅಂಗಡಿಯ ಸುತ್ತಲಿನ ಬೀದಿಯಲ್ಲಿ ಮುಗಿಯಬಾರದು. ಅರ್ಧ ಗಂಟೆ, ಹೆದ್ದಾರಿಯೂ ಸೇರಿ ಓಡಿಸಬೇಕು.

ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ವಾಹನದಲ್ಲಿ ನಾಲ್ಕು ಟೈರುಗಳೂ ಹೆಚ್ಚುಕಡಿಮೆ ಸಮನಾಗಿ ಸವೆದಿರಬೇಕು. ಎರಡು ಹೊಸದು, ಎರಡು ಹಳೆಯದು ಆಗಿದ್ದರೆ ಶಕ್ತಿ ಹಂಚುವ ಭಾಗಗಳು ಸತತ ಒತ್ತಡದಲ್ಲಿ ಸವೆಯುತ್ತವೆ. ಟೈರಿನ ಬದಿಯ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 3219 ಎಂದರೆ 2019ರ ಮೂವತ್ತೆರಡನೆಯ ವಾರ.

ಇನ್ನು ಏರ್‌ಬ್ಯಾಗ್. ರೆಸಿಡೆನ್ಸಿ ಮುಗಿಸಿದ ವರ್ಷ ನಾವು ಕೊಂಡ ಎಸ್‌ಯುವಿಯಲ್ಲಿ ಯಾವ ಎಚ್ಚರಿಕೆಯ ದೀಪವೂ ಉರಿಯುತ್ತಿರಲಿಲ್ಲ. ಅದೇ ಸಂತೋಷವೆಂದು ಕೊಂಡೆವು. ಮೂರು ತಿಂಗಳ ನಂತರ ಎಣ್ಣೆ ಬದಲಿಸಲು ಹೋದಾಗ ಮೆಕ್ಯಾನಿಕ್ ಒಬ್ಬ ಕೇಳಿದ: ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕಲ್ಲ, ಇದು ಹೊತ್ತುವುದೇ ಇಲ್ಲವೇಕೆ? ಬಿಚ್ಚಿ ನೋಡಿದರೆ ದೀಪದ ಬಲ್ಬನ್ನೇ ತೆಗೆದಿದ್ದರು. ನನ್ನ ಹೆಂಡತಿ ಕೂರುತ್ತಿದ್ದ ಕಡೆಯ ಹೊದಿಕೆಯ ಹಿಂದೆ ಏರ್‌ಬ್ಯಾಗೇ ಇರಲಿಲ್ಲ. ಹಿಂದಿನ ಅಪಘಾತದಲ್ಲಿ ತೆರೆದುಕೊಂಡದ್ದಕ್ಕೆ ಬದಲಿ ಹಾಕದೆ ಮಾರಿದ್ದರು. ಮಾರಿದಾತ ಅಷ್ಟರಲ್ಲಿ ಅಂಗಡಿ ಮುಚ್ಚಿದ್ದ. ಇಲ್ಲದ ಲಕ್ಷಣವನ್ನೂ ಗಮನಿಸಬೇಕೆಂದು ದಿನವೂ ಕಿರಿಯರಿಗೆ ಹೇಳುತ್ತಿದ್ದವನು ನಾನೇ.

ಇದಕ್ಕೆ ಸೇರಿದ್ದು ಟಕಾಟಾ ಏರ್‌ಬ್ಯಾಗುಗಳ ಪ್ರಕರಣ. ವರ್ಷಗಳ ಸೆಕೆ ಮತ್ತು ತೇವದಿಂದ ಅವುಗಳ ರಾಸಾಯನಿಕ ಕೆಟ್ಟು, ತೆರೆಯುವಾಗ ಲೋಹದ ಚೂರುಗಳು ಸಿಡಿಯುತ್ತವೆ. ಅಮೆರಿಕದಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳು ಮರುಕರೆಗೆ ಒಳಗಾದವು. ಬಳಸಿದ ವಾಹನವನ್ನು ಮರುಕರೆ ಬಾಕಿಯಿದ್ದಂತೆಯೇ ಮಾರುವುದನ್ನು ಒಕ್ಕೂಟದ ಕಾನೂನು ತಡೆಯುವುದಿಲ್ಲ ಎಂಬುದು ಹಲವರಿಗೆ ತಿಳಿಯದು. ಹದಿನೇಳು ಅಕ್ಷರಾಂಕಿಗಳ ವಿನ್ ಸಂಖ್ಯೆಯನ್ನು ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ನಮೂದಿಸಿದರೆ ಬಾಕಿಯಿರುವ ಮರುಕರೆಗಳು ಉಚಿತವಾಗಿ ತಿಳಿಯುತ್ತವೆ.

ಪ್ರವಾಹದಲ್ಲಿ ಮುಳುಗಿದ ವಾಹನಗಳು ಚಂಡಮಾರುತದ ಊರಿನಿಂದ ದೂರದ ರಾಜ್ಯಗಳಿಗೆ ಬಂದು ಮಾರಾಟವಾಗುತ್ತವೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಬಿಡಿಚಕ್ರದ ಗುಂಡಿಯಲ್ಲೂ ಆಸನದ ಹಳಿಗಳಲ್ಲೂ ತುಕ್ಕು ಹುಡುಕಿ. ಸುಗಂಧದ ಡಬ್ಬಿ ಹೆಚ್ಚು ಘಮಘಮಿಸುತ್ತಿದ್ದರೆ ಅದೇ ಸುಳಿವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ, ನ್ಯೂಯಾರ್ಕ್‌ಗಳ ವಾಹನವಾದರೆ ಕೆಳಗೆ ಬಗ್ಗಿ ಬ್ರೇಕ್ ಕೊಳವೆಗಳನ್ನು ನೋಡಲೇಬೇಕು. ಹಿಂದಿನ ಸಾಲಿಗೆ ತಂಪು ಒಯ್ಯುವ ಏಸಿ ಕೊಳವೆಗಳೂ ಅಲ್ಲೇ ತುಕ್ಕು ತಿನ್ನುತ್ತವೆ. ಮೂರನೆಯ ಸಾಲಿನಲ್ಲಿ ಕುಳಿತು ಏಸಿ ಹಾಕಿಸಿ ಪರೀಕ್ಷಿಸಿ.

ಬಹುತೇಕ ರಾಜ್ಯಗಳಲ್ಲಿ ವ್ಯಾಪಾರಿಯು ವಾಹನಕ್ಕೆ 'ಬಯರ್ಸ್ ಗೈಡ್' ಅಂಟಿಸಬೇಕು. ಅದರಲ್ಲಿ 'ಆಸ್ ಈಸ್' ಎಂಬುದಕ್ಕೆ ಗುರುತು ಬಿದ್ದಿದ್ದರೆ ಬಾಯಿಮಾತಿನ ಭರವಸೆಯನ್ನು ನೆಚ್ಚಲಾಗದು. ಹಣ ಕೊಡುವ ಮೊದಲೇ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ, ವಾಹನವನ್ನು ಮೇಲೆತ್ತಿಸಿ ನೋಡಿಸಿ; ಇದಕ್ಕೆ ನೂರು, ಇನ್ನೂರು ಡಾಲರ್ ಖರ್ಚಾದೀತು. ಆ ದಿನ ಮಗುವಿನ ಕಾರ್‌ಸೀಟನ್ನೂ ಜೊತೆಗೆ ಒಯ್ಯಿರಿ. ಕೆಲವು ವಾಹನಗಳಲ್ಲಿ ಅದನ್ನು ಎರಡನೆಯ ಸಾಲಿಗೆ ಕಟ್ಟಿದ ಮೇಲೆ ಅಜ್ಜಿತಾತ ಮೂರನೆಯ ಸಾಲಿಗೆ ದಾಟಲು ದಾರಿಯೇ ಉಳಿಯುವುದಿಲ್ಲ.