ಶಂಕರನಾಗರ ‘ಮಾಲ್ಗುಡಿ ಡೇಸ್’ ಮತ್ತು ಕರ್ಣಾಟಕದ ನಾಟ್ಯಚರಿತ್ರೆ

ಒಂದು ಕೃತಿಯು ಯಾವ ನಾಡಿಗೆ ಸೇರಿದುದೆಂಬುದನ್ನು ಅದರ ಭಾಷೆಯೊಂದರಿಂದಲೇ ನಿರ್ಣಯಿಸುವುದು ನಮ್ಮಲ್ಲಿ ರೂಢವಾಗಿರುವ ಪದ್ಧತಿ. ಅದು ಸುಲಭವಾದುದು, ದಿಟ. ಆದರೆ ಸುಲಭವಾದುದೆಲ್ಲವೂ ಸಾಧುವಾಗಲಾರದು. ದೃಶ್ಯಕಾವ್ಯದ ವಿಷಯದಲ್ಲಂತೂ ಈ ಲಕ್ಷಣವು ಅವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. ಶಂಕರನಾಗರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನ ರೂಪಕಮಾಲೆಯೇ ಇದಕ್ಕೆ ನಿದರ್ಶನ. ಅದರ ಮೂಲಕಥೆಗಳು ಇಂಗ್ಲಿಷಿನವು, ಸಂಭಾಷಣೆಗಳು ಹಿಂದಿಯವು, ಮೊದಲ 13 ಕಂತುಗಳು ಇಂಗ್ಲಿಷಿನಲ್ಲಿಯೂ ಸಿದ್ಧವಾದುವು. ಹೀಗಿರಲು ಅದಕ್ಕೆ ಕರ್ಣಾಟಕದ ನಾಟ್ಯಚರಿತ್ರೆಯಲ್ಲಿ ಸ್ಥಾನವುಂಟೆ ಎಂಬುದು ಇಲ್ಲಿಯ ವಿಚಾರ.

ಮೊದಲು ಕರ್ತೃವಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ಶಂಕರನಾಗರು 1954ನೆಯ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆಯ ಕೊಂಕಣಿ ಮನೆತನವೊಂದರಲ್ಲಿ ಜನಿಸಿದರು. ಪ್ರಸಿದ್ಧ ನಟರಾದ ಅನಂತನಾಗರು ಇವರ ಅಣ್ಣಂದಿರು. ಶಂಕರನಾಗರ ನಾಟ್ಯಶಿಕ್ಷಣವು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ನಡೆಯಿತು. 1979ರ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ರಚನೆಯಲ್ಲಿಯೂ ಅವರ ಕೈಯುಂಟು. ಅವರನ್ನು ಕನ್ನಡಕ್ಕೆ ಕರೆತಂದುದು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಎಂಬ ಚಿತ್ರ. ಅದರ ಅಭಿನಯಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠನಟ ಪ್ರಶಸ್ತಿಯು ಅವರಿಗೆ ದೊರೆಯಿತು. 1980ರಲ್ಲಿ ‘ಮಿಂಚಿನ ಓಟ’ ಚಿತ್ರದಿಂದ ನಿರ್ದೇಶಕರಾದರು. ‘ಗೀತಾ’, ‘ಆಕ್ಸಿಡೆಂಟ್’, ‘ಒಂದು ಮುತ್ತಿನ ಕಥೆ’ ಮುಂತಾದುವು ಅನಂತರದವು. ಚಿತ್ರಗಳ ನಡುವೆಯೂ ಬೆಂಗಳೂರಿನ ‘ಸಂಕೇತ್’ ತಂಡದ ಮೂಲಕ ನಾಟಕಗಳನ್ನು ಆಡಿಸುತ್ತಿದ್ದರು. 1990ನೆಯ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪದ ಆನಗೋಡಿನ ಬಳಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 36 ವರ್ಷಗಳು ತುಂಬಿರಲಿಲ್ಲ. ಕನ್ನಡದಲ್ಲಿ ಅವರು ದುಡಿದುದು ಹನ್ನೆರಡು ವರ್ಷಗಳಷ್ಟೆ.

ಈ ಅಲ್ಪಾವಧಿಯ ನಡುವೆ, 1986-87ರ ಸುಮಾರಿನಲ್ಲಿ, ‘ಮಾಲ್ಗುಡಿ ಡೇಸ್’ ಮೂಡಿತು. ನಿರ್ಮಾಪಕರು ಟಿ. ಎಸ್. ನರಸಿಂಹನ್. ಆರ್. ಕೆ. ನಾರಾಯಣರ ಸಣ್ಣಕಥೆಗಳಲ್ಲದೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935), ‘ದಿ ವೆಂಡರ್ ಆಫ್ ಸ್ವೀಟ್ಸ್’ (1967) ಎಂಬ ಕಾದಂಬರಿಗಳೂ ಇದರಲ್ಲಿ ರೂಪಕಗಳಾದುವು. ನಾರಾಯಣರ ಮಾಲ್ಗುಡಿಯು ಭೂಪಟದಲ್ಲಿಲ್ಲದ ಊರು. ಅದಕ್ಕೆ ನೆಲ ಬೇಕಾದಾಗ ಶಂಕರನಾಗರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು ಆರಿಸಿಕೊಂಡರು. ರೈಲು ನಿಲ್ದಾಣಕ್ಕೆ ಶಿವಮೊಗ್ಗ ಜಿಲ್ಲೆಯ ಅರಸಾಳು ಒದಗಿತು. ಸ್ವಾಮಿಯ ಪಾತ್ರದಲ್ಲಿ ಬಾಲನಟ ಮಂಜುನಾಥ, ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು ಅಭಿನಯಿಸಿದರು. ಎಲ್. ವೈದ್ಯನಾಥನ್ ಅವರ ಸಂಗೀತವೂ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಇದಕ್ಕೆ ಶೋಭೆಯನ್ನಿತ್ತುವು.

ಇನ್ನು ಶಾಸ್ತ್ರದೃಷ್ಟಿಯಿಂದ ನೋಡೋಣ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಅಭಿನಯವು ಚತುರ್ವಿಧವೆಂಬುದು ವಾಚಕರಿಗೆ ವಿದಿತವೇ ಇದೆ. ಪ್ರಕೃತ ರೂಪಕದಲ್ಲಿ ವಾಚಿಕವೊಂದು ಮಾತ್ರ ಹಿಂದಿಯದು. ಜಗಲಿ, ಹೆಂಚಿನ ಮಾಡು, ಮಳೆಯಲ್ಲಿ ನೆನೆದ ಬೀದಿ, ಉಡುಗೆತೊಡುಗೆ ಇವೆಲ್ಲ ಮಲೆನಾಡಿನವು. ತಂದೆಯ ಮುಂದೆ ಮಗನು ನಿಲ್ಲುವ ಭಂಗಿ, ಅಜ್ಜಿಯ ಬಳಿ ಸುಳಿಯುವ ಸಲಿಗೆ ಇವು ನಮ್ಮ ಮನೆಗಳವು. ಪಾತ್ರಧಾರಿಗಳಲ್ಲಿ ಅನೇಕರು ಕನ್ನಡ ರಂಗಭೂಮಿಯಲ್ಲಿ ಪಳಗಿದವರು. ಇದಲ್ಲದೆ ಭರತಮುನಿಯು ಆವಂತಿ, ದಾಕ್ಷಿಣಾತ್ಯಾ, ಪಾಂಚಾಲೀ, ಓಡ್ರಮಾಗಧೀ ಎಂಬ ನಾಲ್ಕು ಪ್ರವೃತ್ತಿಗಳನ್ನು ಹೇಳುವಾಗ ದೇಶದ ವೇಷ, ಭಾಷೆ, ಆಚಾರಗಳನ್ನು ಒಟ್ಟಾಗಿಯೇ ಗ್ರಹಿಸಿದ್ದಾನೆ. ಭಾಷೆಯು ಅವುಗಳಲ್ಲೊಂದೇ ಹೊರತು ಸರ್ವಸ್ವವಲ್ಲ.

ಪ್ರವೃತ್ತಿಯು ಕೆಟ್ಟರೆ ಏನಾಗುತ್ತದೆಂಬುದಕ್ಕೆ ನಾರಾಯಣರ ಮತ್ತೊಂದು ಕಾದಂಬರಿಯೇ ಸಾಕ್ಷಿ. ‘ಗೈಡ್’ ಎಂಬುದು 1965ರಲ್ಲಿ ಹಿಂದಿ ಚಿತ್ರವಾದಾಗ ಕಥೆಯನ್ನು ಮಾಲ್ಗುಡಿಯಿಂದ ಕಿತ್ತು ರಾಜಸ್ಥಾನಕ್ಕೆ ಒಯ್ದರು. ನಾರಾಯಣರು ಅದನ್ನು ಆಕ್ಷೇಪಿಸಿ ಒಂದು ಪ್ರಬಂಧವನ್ನೇ ಬರೆದರು. ಎರಡು ಕಡೆಗಳಲ್ಲಿಯೂ ಭಾಷೆ ಹಿಂದಿಯೇ. ಬೇರೆಯಾದುದು ನೆಲ ಮತ್ತು ಆಚಾರ. ಆದಕಾರಣ ಇಲ್ಲಿ ನಿರ್ಣಾಯಕವಾದುದು ಭಾಷೆಯಲ್ಲವೆಂದು ಸಿದ್ಧವಾಗುತ್ತದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ವಾಕ್ಕೇ ನಾಟ್ಯದ ಶರೀರವೆಂದು ಭರತನೇ ಹೇಳಿರುವನಲ್ಲಾ. ಶರೀರವೇ ಅನ್ಯವಾದ ಮೇಲೆ ಕೃತಿಯು ನಮ್ಮದು ಹೇಗಾದೀತು? ಸಮಾಧಾನವೇನೆಂದರೆ: ಸಂಸ್ಕೃತರೂಪಕಗಳಲ್ಲಿ ಶರೀರವು ಏಕಭಾಷಾಮಯವಲ್ಲ. ದುಷ್ಯಂತನದು ಸಂಸ್ಕೃತ, ಶಕುಂತಲೆಯದು ಪ್ರಾಕೃತ. ಹಾಗೆಂದು ಆ ನಾಟಕವನ್ನು ಎರಡಾಗಿ ಸೀಳಿದವರಿಲ್ಲ. ಮೇಲಾಗಿ ಮೊದಲ ಕಂತುಗಳು ಎರಡು ಭಾಷೆಗಳಲ್ಲಿ ಸಿದ್ಧವಾದರೂ ಊರು ಒಂದೇ, ಬಾಳು ಒಂದೇ. ಬದಲಾದ ಮಾತಿಗಿಂತ ಬದಲಾಗದೆ ಉಳಿದುದರಲ್ಲಿಯೇ ಸ್ವರೂಪವನ್ನು ಕಾಣುವುದು ನ್ಯಾಯ.

ಇದು ಈ ನಾಡಿಗೆ ಹೊಸದೂ ಅಲ್ಲ. ನಮ್ಮ ಮಾಣಿಕನಗರಕ್ಕೆ ನೆರೆಯದಾದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ, ಕಾಶ್ಮೀರದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ವನ್ನೂ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯೆಯನ್ನೂ ರಚಿಸಿದರು. ಎರಡೂ ಸಂಸ್ಕೃತಗ್ರಂಥಗಳು, ಆದರೂ ಕರ್ಣಾಟಕದ ಚರಿತ್ರೆಯನ್ನು ಬರೆಯುವವರಾರೂ ಅವನ್ನು ಬಿಡುವುದಿಲ್ಲ. ಮಾಣಿಕಪ್ರಭುಗಳ (1817–1865) ಪದಗಳು ಕನ್ನಡ ಮರಾಠಿಗಳೆರಡರಲ್ಲಿಯೂ ಇವೆ. ಈ ಗಡಿಸೀಮೆಯಲ್ಲಿ ಅವನ್ನು ಪಾಲುಮಾಡಿದವರಿಲ್ಲ. ಹಳೆಯದಕ್ಕೆ ಒಂದು ಅಳತೆ, ಹೊಸದಕ್ಕೆ ಮತ್ತೊಂದು ಎಂಬುದು ಯುಕ್ತವಲ್ಲ.

ಶಂಕರನಾಗರ ಸ್ಮರಣಾರ್ಥವಾಗಿ ಅರುಂಧತಿನಾಗರ ಪರಿಶ್ರಮದಿಂದ ಬೆಂಗಳೂರಿನಲ್ಲಿ ‘ರಂಗಶಂಕರ’ವು 2004ರಲ್ಲಿ ತೆರೆಯಿತು. 2006ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಮಾಲೆಯು ಮುಂದುವರಿಯಿತು. ಅರಸಾಳಿನ ಹಳೆಯ ನಿಲ್ದಾಣವು 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಇವು ಜನರ ಅಭಿಮಾನದ ಗುರುತುಗಳು. ವಿದ್ವಾಂಸರ ಕರ್ತವ್ಯವು ಇವುಗಳಿಂದ ಮುಗಿಯದು. ಗ್ರಂಥವು ಓಲೆಯಲ್ಲಿ ಉಳಿಯಬಹುದು. ಪ್ರಯೋಗದ ವಿಚಾರವಾದರೋ ಅದನ್ನು ಮಾಡಿದವರ ನೆನಪಿನೊಡನೆಯೇ ಅಳಿಯುವುದು. ಆಗುಂಬೆಯಲ್ಲಿ ಅಂದು ದುಡಿದ ನಟರ, ಕುಶಲಕರ್ಮಿಗಳ, ಗ್ರಾಮಸ್ಥರ ಹೇಳಿಕೆಗಳನ್ನು ಅವರಿರುವಾಗಲೇ ಬರೆದಿಡಬೇಕು. ಸಾಹಿತ್ಯದ ಅಧ್ಯಾಪಕರು ಕಥೆಯನ್ನೂ ರೂಪಕವನ್ನೂ ಜೊತೆಯಲ್ಲಿಟ್ಟು ಪಾಠ ಹೇಳಬೇಕು. ಭಾಷೆಯ ಬೇಲಿಯನ್ನು ಕಟ್ಟಿ ನಮ್ಮ ಹೊಲದ ಬೆಳೆಯನ್ನೇ ಹೊರಗೆ ಬಿಡುವುದು ವಿವೇಕವಲ್ಲವೆಂದು ವಿದ್ವಜ್ಜನರಲ್ಲಿ ವಿಜ್ಞಾಪನೆ.